ಒಂದೇ ಸಲ ನಡೆಯಬೇಕಾದ ಆರಂಭದ ಕೆಲಸ

ಬ್ಯಾಂಕಿನ ಖಾತೆ ನೋಡಲು, ರೈಲಿನ ಟಿಕೆಟ್ ಕಾದಿರಿಸಲು, ಪರೀಕ್ಷೆಯ ಫಲಿತಾಂಶ ತಿಳಿಯಲು ಜನ ನಿತ್ಯ ಬಳಸುವ ಜಾಲತಾಣಗಳ ಹಿಂದೆ ಎರಡು ಬಗೆಯ ಕೆಲಸಗಳು ನಡೆಯುತ್ತವೆ. ಬಳಕೆದಾರರಿಂದ ಬರುವ ಪ್ರತಿಯೊಂದು ಕೋರಿಕೆಗೂ ಉತ್ತರವನ್ನು ಸಿದ್ಧಪಡಿಸಿ ಕಳಿಸುವುದು ಮೊದಲನೆಯದು. ಅದು ಹಗಲಿರುಳು ಮರುಕಳಿಸುತ್ತಲೇ ಇರುತ್ತದೆ. ಮೊದಲ ಕೋರಿಕೆ ಬಂದು ತಲುಪುವುದಕ್ಕೂ ಮುನ್ನ ಮಾಡಿ ಮುಗಿಸಬೇಕಾದ ಪೂರ್ವಸಿದ್ಧತೆ ಎರಡನೆಯದು. ಅದು ಒಂದು ಸಲ ನಡೆದರೆ ಸಾಕು, ಎರಡು ಸಲ ನಡೆದರೆ ಕೆಲವೊಮ್ಮೆ ಕೇಡು. ಬಳಕೆದಾರರ ಕಣ್ಣಿಗೆ ಬೀಳದ ಈ ಎರಡನೆಯ ಕೆಲಸ ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ, ಅದನ್ನು ತಂತ್ರಾಂಶದ ಯಾವ ಭಾಗದಲ್ಲಿ ಇಡಬೇಕು, ಅದು ಒಂದೇ ಸಲ ನಡೆಯುತ್ತದೆಂಬ ಭರವಸೆಯನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗಳು ಜಾಲತಾಣಗಳ ರಚನೆಯ ಬುಡಕ್ಕೇ ಸೇರಿದವು.

ವಿಷಯವನ್ನು ಹಿಡಿಯಲು ಒಂದು ಸಾರ್ವಜನಿಕ ಗ್ರಂಥಾಲಯದ ಜಾಲತಾಣವನ್ನು ಕಲ್ಪಿಸಿಕೊಳ್ಳಬಹುದು. ಓದುಗರು ತಪ್ಪಕ್ಷರದಲ್ಲಿ ಬರೆದ ಪುಸ್ತಕದ ಹೆಸರನ್ನೂ ಗುರುತಿಸಬೇಕಾದರೆ ದೊಡ್ಡದೊಂದು ಪದಪಟ್ಟಿಯನ್ನು ಡಿಸ್ಕಿನಿಂದ ಓದಿ ಕಂಪ್ಯೂಟರಿನ ಮೆಮೊರಿಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿರಬೇಕು. ಪುಸ್ತಕವೊಂದು ಹಿಂತಿರುಗಿ ಬಂದೊಡನೆ ಅದಕ್ಕಾಗಿ ಕಾದಿರುವವರಿಗೆ ಸುದ್ದಿ ಹೋಗುವಂತೆ ತಂತ್ರಾಂಶದ ಎರಡು ಭಾಗಗಳನ್ನು ಮೊದಲೇ ಜೋಡಿಸಿರಬೇಕು. ಕಾದಂಬರಿ, ಇತಿಹಾಸ, ವಿಜ್ಞಾನ ಮುಂತಾದ ವಿಭಾಗಗಳ ಹೆಸರುಗಳು ಡೇಟಾಬೇಸಿನಲ್ಲಿ, ಅಂದರೆ ಮಾಹಿತಿಯನ್ನು ಶಾಶ್ವತವಾಗಿ ಕಾಪಿಡುವ ಉಗ್ರಾಣದಲ್ಲಿ, ಮೊದಲೇ ಸೇರಿರಬೇಕು. ಗಡುವು ಮೀರಿದ ಪುಸ್ತಕಗಳ ಬಗ್ಗೆ ಪ್ರತಿದಿನ ಬೆಳಿಗ್ಗೆ ನೆನಪೋಲೆ ಕಳಿಸುವ ವ್ಯವಸ್ಥೆ ಚಾಲೂ ಆಗಿರಬೇಕು. ಈ ನಾಲ್ಕನ್ನೂ ‘ಆರಂಭದಲ್ಲಿ ಒಮ್ಮೆ ಮಾಡುವ ಕೆಲಸ’ ಎಂದೇ ಕರೆಯಬಹುದಾದರೂ ಅವುಗಳ ಸ್ವಭಾವ ಬೇರೆ ಬೇರೆ. ಆ ಭೇದವನ್ನು ಗಮನಿಸದೆ ನಾಲ್ಕನ್ನೂ ಒಂದೇ ಜಾಗದಲ್ಲಿ ಬರೆದಿಡುವುದೇ ಮುಂದಿನ ಬಹುತೇಕ ತೊಡಕುಗಳಿಗೆ ಮೂಲ.

ಆರಂಭ ಎಂಬ ಪ್ರತ್ಯೇಕ ಘಟ್ಟವೇ ಜಾಲತಾಣಗಳಿಗೆ ಮೊದಲಿನಿಂದಲೂ ಇದ್ದುದಲ್ಲ. 1993ರ ಸುಮಾರಿಗೆ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯಲ್ಲಿ ರೂಪುಗೊಂಡ ಸಿಜಿಐ ಎಂಬ ಪದ್ಧತಿಯಲ್ಲಿ, ಬಂದ ಪ್ರತಿಯೊಂದು ಕೋರಿಕೆಗೂ ಸರ್ವರ್ ಒಂದು ಹೊಸ ಪ್ರೊಸೆಸ್ಸನ್ನು ಹುಟ್ಟಿಸುತ್ತಿತ್ತು. ಪ್ರೊಸೆಸ್ ಎಂದರೆ ತನ್ನದೇ ಮೆಮೊರಿಯೊಂದಿಗೆ ಸ್ವತಂತ್ರವಾಗಿ ಓಡುತ್ತಿರುವ ಪ್ರೋಗ್ರಾಂ. ಅದು ಉತ್ತರ ಕೊಟ್ಟು ಮುಗಿಸಿದೊಡನೆ ಅಳಿದುಹೋಗುತ್ತಿದ್ದುದರಿಂದ ಪ್ರತಿ ಕೋರಿಕೆಯೂ ಒಂದು ಹೊಸ ಆರಂಭವಾಗಿತ್ತು, ಪೂರ್ವಸಿದ್ಧತೆಯೆಲ್ಲ ಪ್ರತಿ ಸಲವೂ ಮೊದಲಿನಿಂದ ನಡೆಯುತ್ತಿತ್ತು. ಬಳಕೆದಾರರ ಸಂಖ್ಯೆ ಬೆಳೆದಂತೆ ಈ ದುಂದು ಅಸಹನೀಯವಾಗಿ, ಒಮ್ಮೆ ಹುಟ್ಟಿ ಸಾವಿರಾರು ಕೋರಿಕೆಗಳಿಗೆ ಉತ್ತರಿಸುತ್ತ ಬಹುಕಾಲ ಬಾಳುವ ಪ್ರೊಸೆಸ್ಸುಗಳ ಪದ್ಧತಿ ಬಳಕೆಗೆ ಬಂತು. ಪ್ರೊಸೆಸ್ಸಿಗೆ ದೀರ್ಘಾಯುಸ್ಸು ದೊರೆತ ಮೇಲೆಯೇ ಅದರ ಬದುಕಿನಲ್ಲಿ ಹುಟ್ಟಿನ ಕ್ಷಣ ಬೇರೆ, ದುಡಿಮೆಯ ಕಾಲ ಬೇರೆ ಎಂಬ ವಿಭಜನೆ ಅರ್ಥ ಪಡೆಯಿತು.

ಈ ವಿಭಜನೆಯನ್ನು ಚೌಕಟ್ಟುಗಳು ಹೇಗೆ ನಿಭಾಯಿಸುತ್ತವೆ ಎಂಬುದನ್ನು ತಿಳಿಯಲು ಜ್ಯಾಂಗೊ ಒಳ್ಳೆಯ ನಿದರ್ಶನ. ಚೌಕಟ್ಟು ಅಥವಾ ಫ್ರೇಮ್‌ವರ್ಕ್ ಎಂದರೆ ಎಲ್ಲ ಜಾಲತಾಣಗಳಿಗೂ ಬೇಕಾಗುವ ಸಾಮಾನ್ಯ ಕೆಲಸಗಳನ್ನು ಮೊದಲೇ ಬರೆದು ಕೊಟ್ಟು, ಆಯಾ ತಾಣಕ್ಕೆ ವಿಶಿಷ್ಟವಾದುದನ್ನು ಮಾತ್ರ ತುಂಬಿಸಿಕೊಳ್ಳಲು ಬಿಡುವ ತಂತ್ರಾಂಶ. ಪೈಥಾನ್ ಭಾಷೆಯ ಈ ಚೌಕಟ್ಟು ಅಮೆರಿಕದ ಕ್ಯಾನ್ಸಸ್ ರಾಜ್ಯದ ‘ಲಾರೆನ್ಸ್ ಜರ್ನಲ್ ವರ್ಲ್ಡ್’ ಪತ್ರಿಕೆಯ ಕಚೇರಿಯಲ್ಲಿ, 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಅವರ ಕೈಯಲ್ಲಿ ರೂಪು ತಳೆದು, 2005ರ ಜುಲೈನಲ್ಲಿ ಎಲ್ಲರ ಬಳಕೆಗೆ ಮುಕ್ತವಾಯಿತು. ಸುದ್ದಿಮನೆಯ ಅವಸರದ ಗಡುವುಗಳ ನಡುವೆ ಹುಟ್ಟಿದ ಈ ಚೌಕಟ್ಟಿನಲ್ಲಿ ‘ಇದು ಆರಂಭದ ಕೋಡನ್ನು ಬರೆಯುವ ಜಾಗ’ ಎಂದು ತೋರಿಸುವ ಅಧಿಕೃತ ತಾಣ ಬಹಳ ಕಾಲ ಇರಲಿಲ್ಲ. ಹಾಗಾಗಿ ಪ್ರೋಗ್ರಾಮರುಗಳು ತಮ್ಮ ಆರಂಭದ ಕೋಡನ್ನು ಡೇಟಾಬೇಸಿನ ಕೋಷ್ಟಕಗಳನ್ನು ವರ್ಣಿಸುವ ಕಡತದಲ್ಲೋ, ಜಾಲವಿಳಾಸಗಳನ್ನು ಪಟ್ಟಿ ಮಾಡುವ ಕಡತದಲ್ಲೋ ಸೇರಿಸುತ್ತಿದ್ದರು.

ಆ ಉಪಾಯಕ್ಕೆ ಆಧಾರವಾಗಿದ್ದುದು ಪೈಥಾನ್ ಭಾಷೆಯ ಒಂದು ಗುಣ. ಆ ಭಾಷೆಯಲ್ಲಿ ಒಂದು ಕಡತವನ್ನು, ಅಂದರೆ ಮಾಡ್ಯೂಲನ್ನು, ಬೇರೊಂದು ಭಾಗ ಬೇಕೆಂದು ಕರೆದಾಗ ಅದರೊಳಗಿನ ಮೇಲ್ಮಟ್ಟದ ಸಾಲುಗಳೆಲ್ಲ ನಡೆಯುತ್ತವೆ. ಹೀಗೆ ಒಮ್ಮೆ ಲೋಡ್ ಆದ ಮಾಡ್ಯೂಲನ್ನು ಪೈಥಾನ್ ತನ್ನ ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುವುದರಿಂದ ಅದೇ ಪ್ರೊಸೆಸ್ಸಿನಲ್ಲಿ ಎರಡನೆಯ ಸಲ ಕರೆದಾಗ ಆ ಸಾಲುಗಳು ಮತ್ತೆ ನಡೆಯುವುದಿಲ್ಲ. ಒಂದೇ ಸಲ ಎಂಬ ಭರವಸೆ ಹೀಗೆ ಪುಕ್ಕಟೆಯಾಗಿ ದೊರೆತರೂ ಅದು ಯಾವಾಗ ಎಂಬುದರ ಭರವಸೆ ದೊರೆಯುತ್ತಿರಲಿಲ್ಲ. ವಿಳಾಸಗಳ ಕಡತ ಸಾಮಾನ್ಯವಾಗಿ ಮೊದಲ ಕೋರಿಕೆ ಬಂದಾಗಷ್ಟೇ ಲೋಡ್ ಆಗುತ್ತಿದ್ದುದರಿಂದ ಸಿದ್ಧತೆಯ ಹೊರೆಯೆಲ್ಲ ಆ ಮೊದಲ ಬಳಕೆದಾರನ ಮೇಲೆ ಬೀಳುತ್ತಿತ್ತು. ಕೋಷ್ಟಕಗಳ ಕಡತ ಬೇಗನೆ ಲೋಡ್ ಆದರೂ ಆ ಹೊತ್ತಿಗೆ ಮಿಕ್ಕ ಭಾಗಗಳು ಲೋಡ್ ಆಗಿರದೆ, ಒಂದನ್ನೊಂದು ಕರೆಯುವ ಸುತ್ತುಬಳಸಿನಲ್ಲಿ ಇಡೀ ತಂತ್ರಾಂಶ ನಿಂತುಹೋಗುವ ಅಪಾಯವಿತ್ತು.

2014ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಜ್ಯಾಂಗೊ 1.7 ಆವೃತ್ತಿ ಈ ಗೊಂದಲಕ್ಕೆ ಒಂದು ಶಿಸ್ತು ತಂದಿತು. ಅದರ ಪ್ರಕಾರ ಆರಂಭ ಮೂರು ಹಂತಗಳಲ್ಲಿ ಸಾಗುತ್ತದೆ: ಮೊದಲು ತಾಣದಲ್ಲಿ ಸೇರಿರುವ ಪ್ರತಿಯೊಂದು ‘ಆ್ಯಪ್’, ಅಂದರೆ ತಾಣದ ಒಂದೊಂದು ಸ್ವತಂತ್ರ ಅಂಗ, ತನ್ನ ಪರಿಚಯವನ್ನು ನೋಂದಾಯಿಸುತ್ತದೆ, ಬಳಿಕ ಎಲ್ಲ ಅಂಗಗಳ ಕೋಷ್ಟಕ ವರ್ಣನೆಗಳೂ ಲೋಡ್ ಆಗುತ್ತವೆ, ಅದೆಲ್ಲ ಪೂರ್ತಿಯಾದ ಮೇಲೆ, ಪ್ರತಿಯೊಂದು ಅಂಗದ ‘ರೆಡಿ’ ಎಂಬ ಹೆಸರಿನ ಕಾರ್ಯವನ್ನು ಚೌಕಟ್ಟು ತಾನೇ ಕರೆಯುತ್ತದೆ. ಮೂರನೆಯ ಹಂತಕ್ಕೆ ಬರುವ ಹೊತ್ತಿಗೆ ಯಾವ ಅಂಗವೂ ಅರ್ಧ ಸಿದ್ಧವಾಗಿರುವ ಸಾಧ್ಯತೆ ಇಲ್ಲದ್ದರಿಂದ, ಗ್ರಂಥಾಲಯದ ಉದಾಹರಣೆಯಲ್ಲಿ ಪುಸ್ತಕ ಹಿಂತಿರುಗಿಸುವ ಭಾಗವನ್ನು ಸುದ್ದಿ ಕಳಿಸುವ ಭಾಗದೊಂದಿಗೆ ಜೋಡಿಸಲು ಇದಕ್ಕಿಂತ ತಕ್ಕ ಜಾಗ ಇಲ್ಲ. ಇಂಥ ಜೋಡಣೆಗೆ ಜ್ಯಾಂಗೊ ಪರಿಭಾಷೆಯಲ್ಲಿ ಸಿಗ್ನಲ್ ಎಂದು ಹೆಸರು. ಈ ಇಡೀ ವಿಧಿಯ ಮೇಲೆ ಒಂದು ಬೀಗವನ್ನೂ ಇಡಲಾಗಿದ್ದು, ಒಂದೇ ಪ್ರೊಸೆಸ್ಸಿನೊಳಗೆ ಏಕಕಾಲಕ್ಕೆ ಓಡುವ ಹಲವು ಎಳೆಗಳು, ಅಂದರೆ ಥ್ರೆಡ್‌ಗಳು, ಒಟ್ಟಿಗೆ ಅದನ್ನು ಶುರು ಮಾಡಹೊರಟರೂ ಅದು ಒಂದೇ ಸಲ ನಡೆಯುತ್ತದೆ.

ಇಲ್ಲಿಗೆ ಸಮಸ್ಯೆ ಬಗೆಹರಿಯಿತೆಂದು ತೋರಬಹುದು. ಆದರೆ ನಿಜವಾದ ಪ್ರಶ್ನೆ ಏಳುವುದೇ ಇಲ್ಲಿಂದ. ರೆಡಿ ಕಾರ್ಯ ಒಂದೇ ಸಲ ನಡೆಯುತ್ತದೆಂಬ ಮಾತು ಒಂದು ಪ್ರೊಸೆಸ್ಸಿನ ಮಟ್ಟಿಗೆ ಮಾತ್ರ ಸತ್ಯ, ಮತ್ತು ನಿಜವಾದ ಬಳಕೆಯಲ್ಲಿರುವ ಜಾಲತಾಣ ಒಂದೇ ಪ್ರೊಸೆಸ್ಸಿನಲ್ಲಿ ಓಡುವುದು ತೀರ ಅಪರೂಪ. ಜ್ಯಾಂಗೊ ತಾಣಗಳನ್ನು ನಡೆಸಲು ವ್ಯಾಪಕವಾಗಿ ಬಳಕೆಯಲ್ಲಿರುವ ಗುನಿಕಾರ್ನ್ ಎಂಬ ಸರ್ವರ್, ಒಂದು ಮುಖ್ಯ ಪ್ರೊಸೆಸ್ಸಿನ ಕೆಳಗೆ ವರ್ಕರ್ ಎಂದು ಕರೆಯುವ ಹಲವು ದುಡಿಯುವ ಪ್ರೊಸೆಸ್ಸುಗಳನ್ನು ಕವಲೊಡೆಸುತ್ತದೆ. ಕಂಪ್ಯೂಟರಿನಲ್ಲಿರುವ ಕೋರ್‌ಗಳ ಸಂಖ್ಯೆಯ ಇಮ್ಮಡಿಗೆ ಒಂದನ್ನು ಸೇರಿಸಿದಷ್ಟು ವರ್ಕರ್‌ಗಳಿಂದ ಆರಂಭಿಸಬಹುದೆಂದು ಅದರ ಕೈಪಿಡಿ ಸೂಚಿಸುತ್ತದೆ. ಆ ಲೆಕ್ಕದಲ್ಲಿ ನಾಲ್ಕು ಕೋರ್‌ಗಳ ಯಂತ್ರದಲ್ಲಿ ಒಂಬತ್ತು ವರ್ಕರ್‌ಗಳಿರುತ್ತವೆ, ಅಂಥ ಮೂರು ಯಂತ್ರಗಳಿದ್ದರೆ ಇಪ್ಪತ್ತೇಳು. ರೆಡಿ ಕಾರ್ಯವೂ ಇಪ್ಪತ್ತೇಳು ಸಲ ನಡೆಯುತ್ತದೆ. ಇದರ ಮೇಲೆ, ಮೆಮೊರಿಯ ಸೋರಿಕೆಯನ್ನು ತಡೆಯಲೆಂದು ನಿಗದಿತ ಸಂಖ್ಯೆಯ ಕೋರಿಕೆಗಳ ನಂತರ ಹಳೆಯ ವರ್ಕರ್‌ಗಳನ್ನು ನಿಲ್ಲಿಸಿ ಹೊಸದನ್ನು ಹುಟ್ಟಿಸುವ ಏರ್ಪಾಡೂ ಇರುವುದರಿಂದ ಆರಂಭ ಎಂಬುದು ದಿನದ ಯಾವ ಹೊತ್ತಿನಲ್ಲಾದರೂ ಮತ್ತೆ ಮತ್ತೆ ಘಟಿಸಬಹುದು.

ಯಕ್ಷಗಾನ ಮೇಳದ ಕ್ರಮದಲ್ಲಿ ಈ ಭೇದ ನಿಚ್ಚಳವಾಗಿದೆ. ಬಣ್ಣ ಹಚ್ಚಿ ಗೆಜ್ಜೆ ಕಟ್ಟುವುದನ್ನು ಪ್ರತಿಯೊಬ್ಬ ವೇಷಧಾರಿಯೂ ತನ್ನ ಮಟ್ಟಿಗೆ ಮಾಡಿಕೊಳ್ಳಲೇಬೇಕು. ಚೌಕಿಯಲ್ಲಿ ಗಣಪತಿಯ ಪೂಜೆ ಇಡೀ ಮೇಳದ ಪರವಾಗಿ ಆ ರಾತ್ರಿಯ ಆಟಕ್ಕೆ ಒಮ್ಮೆ ನಡೆಯುತ್ತದೆ. ಮೊದಲ ಸೇವೆಯಾಟ ಆ ವರ್ಷದ ತಿರುಗಾಟಕ್ಕೆಲ್ಲ ಒಂದೇ. ಮೂರೂ ಆರಂಭಗಳೇ, ಮೂರೂ ಒಮ್ಮೆಯೇ ನಡೆಯತಕ್ಕವು. ಆದರೆ ಯಾರಿಗೆ ಒಮ್ಮೆ, ಎಷ್ಟು ಕಾಲಕ್ಕೆ ಒಮ್ಮೆ ಎಂಬುದು ಬೇರೆ ಬೇರೆ. ಜಾಲತಾಣದಲ್ಲಿಯೂ ಪ್ರೊಸೆಸ್ಸಿಗೆ ಒಮ್ಮೆ ನಡೆಯುವ ಕೆಲಸ, ಹೊಸ ಆವೃತ್ತಿಯನ್ನು ಸರ್ವರ್‌ಗಳಿಗೆ ಏರಿಸುವಾಗ ಒಮ್ಮೆ ನಡೆಯುವ ಕೆಲಸ, ಡೇಟಾಬೇಸಿನ ಇಡೀ ಆಯುಷ್ಯಕ್ಕೆ ಒಮ್ಮೆ ನಡೆಯುವ ಕೆಲಸ ಎಂದು ಮೂರು ವ್ಯಾಪ್ತಿಗಳಿದ್ದು, ಯಾವ ಕೆಲಸ ಯಾವ ವ್ಯಾಪ್ತಿಗೆ ಸೇರಿದ್ದು ಎಂಬುದನ್ನು ನಿರ್ಣಯಿಸದ ಹೊರತು ಅದನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಪದಪಟ್ಟಿಯನ್ನು ಮೆಮೊರಿಗೆ ತರುವ ಕೆಲಸ ಸ್ಪಷ್ಟವಾಗಿ ಮೊದಲನೆಯ ವ್ಯಾಪ್ತಿಗೆ ಸೇರಿದ್ದು, ಏಕೆಂದರೆ ಒಂದು ಪ್ರೊಸೆಸ್ಸಿನ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ. ಸಿಗ್ನಲ್‌ಗಳ ಜೋಡಣೆಯೂ ಅಂಥದ್ದೇ. ಇವು ಇಪ್ಪತ್ತೇಳು ಪ್ರೊಸೆಸ್ಸುಗಳಲ್ಲಿ ಇಪ್ಪತ್ತೇಳು ಸಲ ನಡೆಯುವುದು ದೋಷವಲ್ಲ, ಅಗತ್ಯ. ಇಲ್ಲಿ ಕೆಲವೊಮ್ಮೆ ಇನ್ನೂ ಉತ್ತಮವಾದ ದಾರಿಯೆಂದರೆ ಆರಂಭದಲ್ಲಿ ಏನನ್ನೂ ಮಾಡದೆ, ಮೊದಲ ಸಲ ಬೇಕಾದಾಗ ಸಿದ್ಧಪಡಿಸಿ ಆಮೇಲೆ ನೆನಪಿನಲ್ಲಿ ಇಟ್ಟುಕೊಳ್ಳುವುದು. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಅನುವಾದಗಳನ್ನು ಜ್ಯಾಂಗೊ ತನ್ನೊಂದಿಗೆ ಹೊತ್ತು ತಂದರೂ ಅವೆಲ್ಲವನ್ನೂ ಆರಂಭದಲ್ಲಿಯೇ ಲೋಡ್ ಮಾಡುವುದಿಲ್ಲ. ಕನ್ನಡದಲ್ಲಿ ಪುಟ ಬೇಕೆಂಬ ಕೋರಿಕೆ ಒಂದು ಪ್ರೊಸೆಸ್ಸಿಗೆ ಮೊದಲ ಬಾರಿ ಬಂದಾಗ ಕನ್ನಡದ ಪದಗಳ ಕಡತವನ್ನು ಓದಿ, ಆ ಪ್ರೊಸೆಸ್ ಬಾಳಿರುವವರೆಗೂ ಕಾಪಿಟ್ಟುಕೊಳ್ಳುತ್ತದೆ. ಯಾರೂ ಕೇಳದ ಭಾಷೆಗೆ ಮೆಮೊರಿ ವ್ಯಯವಾಗುವುದಿಲ್ಲ, ಕೇಳಿದ ಭಾಷೆಯನ್ನು ಮತ್ತೆ ಮತ್ತೆ ಓದಬೇಕಾಗುವುದೂ ಇಲ್ಲ.

ಪುಸ್ತಕ ವಿಭಾಗಗಳ ಹೆಸರುಗಳನ್ನು ಡೇಟಾಬೇಸಿಗೆ ಸೇರಿಸುವುದು ಇದಕ್ಕಿಂತ ತೀರ ಭಿನ್ನವಾದ ಕೆಲಸ. ಡೇಟಾಬೇಸ್ ಎಲ್ಲ ಪ್ರೊಸೆಸ್ಸುಗಳಿಗೂ ಒಂದೇ ಆಗಿರುವುದರಿಂದ ಮತ್ತು ಪ್ರೊಸೆಸ್ಸುಗಳು ಅಳಿದರೂ ಉಳಿಯುವುದರಿಂದ, ಈ ಕೆಲಸ ರೆಡಿ ಕಾರ್ಯದಲ್ಲಿದ್ದರೆ ಇಪ್ಪತ್ತೇಳು ಪ್ರೊಸೆಸ್ಸುಗಳು ಒಂದೇ ಹೆಸರನ್ನು ಸೇರಿಸಲು ನುಗ್ಗುತ್ತವೆ. ‘ಮೊದಲೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸು’ ಎಂದು ಬರೆದರೂ ಸಾಲದು; ಎರಡು ಪ್ರೊಸೆಸ್ಸುಗಳು ಒಂದೇ ಕ್ಷಣದಲ್ಲಿ ನೋಡಿ, ಎರಡೂ ಇಲ್ಲವೆಂದು ಕಂಡು, ಎರಡೂ ಸೇರಿಸಿಬಿಡಬಹುದು. ಇನ್ನೊಂದು ತೊಡಕೂ ಇದೆ. ಕೋಷ್ಟಕಗಳನ್ನು ನಿರ್ಮಿಸುವ ಆಜ್ಞೆಯೂ ಸೇರಿದಂತೆ ಜ್ಯಾಂಗೊದ ಆಡಳಿತ ಆಜ್ಞೆಗಳೆಲ್ಲ ಸಾಮಾನ್ಯವಾಗಿ ರೆಡಿ ಕಾರ್ಯವನ್ನು ದಾಟಿಯೇ ಮುಂದೆ ಹೋಗುವುದರಿಂದ, ಹೊಸ ಡೇಟಾಬೇಸಿನ ಮೇಲೆ ಕೋಷ್ಟಕ ಕಟ್ಟಲು ಹೊರಟ ಆಜ್ಞೆ, ಇನ್ನೂ ಹುಟ್ಟದ ಕೋಷ್ಟಕವನ್ನು ರೆಡಿ ಕಾರ್ಯ ಹುಡುಕಿದ ಕಾರಣದಿಂದಲೇ ಮುರಿದುಬೀಳುತ್ತದೆ. ಪರೀಕ್ಷೆಗಳನ್ನು ನಡೆಸುವಾಗ ಅಪಾಯ ಇನ್ನೂ ಸೂಕ್ಷ್ಮ: ರೆಡಿ ಕಾರ್ಯ ನಡೆಯುವ ಹೊತ್ತಿಗೆ ಪರೀಕ್ಷೆಯ ತಾತ್ಕಾಲಿಕ ಡೇಟಾಬೇಸ್ ಇನ್ನೂ ತಯಾರಾಗಿರದೆ, ಅದರ ಪ್ರಶ್ನೆಗಳು ನಿಜವಾದ ಡೇಟಾಬೇಸಿಗೇ ಹೋಗಿ ತಟ್ಟುತ್ತವೆ. ಈ ಕಾರಣಗಳಿಂದಲೇ ಜ್ಯಾಂಗೊದ ಕೈಪಿಡಿ ರೆಡಿ ಕಾರ್ಯದಲ್ಲಿ ಡೇಟಾಬೇಸನ್ನು ಮುಟ್ಟಬಾರದೆಂದು ಬುದ್ಧಿ ಹೇಳುತ್ತದೆ, 5.0 ಆವೃತ್ತಿಯಿಂದೀಚೆಗೆ ಚೌಕಟ್ಟೇ ಅಂಥ ಯತ್ನವನ್ನು ಕಂಡಾಗ ಎಚ್ಚರಿಕೆ ನೀಡುತ್ತದೆ.

ಇಂಥ ಕೆಲಸಕ್ಕೆ ತಕ್ಕ ಮನೆಯನ್ನು ಕೂಡ ಅದೇ 1.7 ಆವೃತ್ತಿ ಕಟ್ಟಿಕೊಟ್ಟಿತು ಎಂಬುದು ಗಮನಾರ್ಹ. ಮೈಗ್ರೇಷನ್ ಎಂಬ ವ್ಯವಸ್ಥೆ ಚೌಕಟ್ಟಿನ ಒಳಗೇ ಸೇರಿದ್ದು ಆಗಲೇ. ಡೇಟಾಬೇಸಿನ ರೂಪದಲ್ಲಾಗಲಿ ಅದರೊಳಗಿನ ಮಾಹಿತಿಯಲ್ಲಾಗಲಿ ಮಾಡಬೇಕಾದ ಬದಲಾವಣೆಗಳನ್ನು ಒಂದೊಂದು ಹೆಜ್ಜೆಯಾಗಿ ಬರೆದಿಟ್ಟು, ಯಾವ ಹೆಜ್ಜೆಗಳು ಮುಗಿದಿವೆ ಎಂಬ ದಾಖಲೆಯನ್ನು ಡೇಟಾಬೇಸಿನೊಳಗೇ ಒಂದು ಕೋಷ್ಟಕದಲ್ಲಿ ಇಡುವುದು ಅದರ ಕ್ರಮ. ಕೆಲಸ ನಡೆದಿದೆ ಎಂಬ ನೆನಪು ಅಲ್ಪಾಯುವಾದ ಪ್ರೊಸೆಸ್ಸಿನಲ್ಲಿರದೆ, ಆ ಕೆಲಸದ ಫಲ ಎಲ್ಲಿ ಉಳಿಯುತ್ತದೆಯೋ ಅಲ್ಲಿಯೇ ಉಳಿಯುತ್ತದೆ; ಆದುದರಿಂದ ಎಷ್ಟು ಸರ್ವರ್‌ಗಳು ಎಷ್ಟು ಸಲ ಹುಟ್ಟಿ ಅಳಿದರೂ ಒಮ್ಮೆ ಮುಗಿದ ಹೆಜ್ಜೆ ಮತ್ತೆ ನಡೆಯುವುದಿಲ್ಲ. ಆದರೆ ಎರಡು ಯಂತ್ರಗಳು ಒಂದೇ ಹೊತ್ತಿನಲ್ಲಿ ಈ ಹೆಜ್ಜೆಗಳನ್ನು ಇಡತೊಡಗಿದರೆ ಅದನ್ನು ತಡೆಯುವ ಬೀಗ ಜ್ಯಾಂಗೊದಲ್ಲಿ ತಾನಾಗಿ ಇರುವುದಿಲ್ಲ. ಹಾಗಾಗಿ ಹೊಸ ಆವೃತ್ತಿಯನ್ನು ಏರಿಸುವಾಗ ವರ್ಕರ್‌ಗಳು ಎಚ್ಚರಗೊಳ್ಳುವ ಮುನ್ನ ಒಂದೇ ಕಡೆಯಿಂದ ಮೈಗ್ರೇಷನ್ ನಡೆಸುವುದು ಎರಡನೆಯ ವ್ಯಾಪ್ತಿಗೆ ಸೇರಿದ ಶಿಸ್ತು.

ನೆನಪೋಲೆಯ ವ್ಯವಸ್ಥೆಯಲ್ಲಿ ವ್ಯಾಪ್ತಿಯ ತಪ್ಪು ಜನರನ್ನು ನೇರವಾಗಿ ತಟ್ಟುತ್ತದೆ. ನಿಗದಿತ ಹೊತ್ತಿಗೆ ಓಲೆ ಕಳಿಸುವ ಒಂದು ಥ್ರೆಡ್ಡನ್ನು ರೆಡಿ ಕಾರ್ಯದಲ್ಲಿ ಹುಟ್ಟಿಸಿದರೆ ಪ್ರತಿ ವರ್ಕರ್‌ಗೂ ಒಂದೊಂದು ಗಡಿಯಾರ ಸಿಕ್ಕಂತಾಗಿ, ಒಬ್ಬ ಓದುಗನಿಗೆ ಒಂದೇ ಬೆಳಿಗ್ಗೆ ಇಪ್ಪತ್ತೇಳು ಓಲೆಗಳು ಬರುತ್ತವೆ. ಇದನ್ನು ತಪ್ಪಿಸಲು ಮುಖ್ಯ ಪ್ರೊಸೆಸ್ಸಿನಲ್ಲಿ ಒಮ್ಮೆ ಎಲ್ಲವನ್ನೂ ಲೋಡ್ ಮಾಡಿ ಬಳಿಕ ಕವಲೊಡೆಸುವ ಗುನಿಕಾರ್ನ್‌ನ ಆಯ್ಕೆಯನ್ನು ಬಳಸಿದರೆ ಬೇರೆಯೇ ತೊಡಕು ಎದುರಾಗುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕವಲೊಡೆದ ಪ್ರೊಸೆಸ್ಸಿಗೆ ತಾಯಿಯ ಮೆಮೊರಿಯ ಪ್ರತಿ ದೊರೆಯುತ್ತದೆಯಾದರೂ ತಾಯಿಯಲ್ಲಿ ಓಡುತ್ತಿದ್ದ ಬೇರೆ ಥ್ರೆಡ್‌ಗಳು ಬರುವುದಿಲ್ಲ. ಆದರೆ ತಾಯಿ ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳು ಮಾತ್ರ ಬರುತ್ತವೆ, ಮತ್ತು ಒಂದೇ ಸಂಪರ್ಕದಲ್ಲಿ ಹಲವು ಪ್ರೊಸೆಸ್ಸುಗಳು ಮಾತನಾಡತೊಡಗಿದರೆ ಒಬ್ಬರ ಉತ್ತರ ಇನ್ನೊಬ್ಬರ ಪಾಲಾಗಬಹುದು. ಹೀಗಾಗಿ ಕಾಲಬದ್ಧ ಕೆಲಸಗಳನ್ನು ಜಾಲತಾಣದ ಪ್ರೊಸೆಸ್ಸುಗಳಿಂದ ಪೂರ್ತಿಯಾಗಿ ಬೇರ್ಪಡಿಸಿ, ಕಾರ್ಯವ್ಯವಸ್ಥೆಯ ಕ್ರಾನ್ ಎಂಬ ಸೇವೆಗೋ, ಸೆಲೆರಿ ಬೀಟ್‌ನಂಥ ಪ್ರತ್ಯೇಕ ಪ್ರೋಗ್ರಾಮಿಗೋ ವಹಿಸುವುದು ವಾಡಿಕೆ; ಅಲ್ಲಿಯೂ ಒಂದು ವೇಳಾಪಟ್ಟಿಗೆ ಒಂದೇ ಬೀಟ್ ಓಡುತ್ತಿರಬೇಕು, ಇಲ್ಲವಾದರೆ ಕೆಲಸಗಳು ಇಮ್ಮಡಿಸುತ್ತವೆ ಎಂದು ಅದರ ಕೈಪಿಡಿ ಎಚ್ಚರಿಸುತ್ತದೆ.

ಹೊಸಬರನ್ನು ಈ ವಿಷಯದಲ್ಲಿ ಮೊದಲು ಗಲಿಬಿಲಿಗೊಳಿಸುವುದು ಅವರದೇ ಮೇಜಿನ ಮೇಲಿನ ಕಂಪ್ಯೂಟರ್. ಕಲಿಕೆಗೂ ಪ್ರಯೋಗಕ್ಕೂ ಜ್ಯಾಂಗೊ ಒದಗಿಸುವ ಪುಟ್ಟ ಸರ್ವರನ್ನು ಶುರು ಮಾಡಿದಾಗ ರೆಡಿ ಕಾರ್ಯ ಎರಡು ಸಲ ನಡೆಯುವುದು ಕಾಣುತ್ತದೆ. ಕೋಡಿನಲ್ಲಿ ಬದಲಾವಣೆ ಆದೊಡನೆ ತಾಣವನ್ನು ಮತ್ತೆ ಶುರು ಮಾಡಲೆಂದು ಅದು ಎರಡು ಪ್ರೊಸೆಸ್ಸುಗಳನ್ನು ನಡೆಸುತ್ತದೆ. ಒಂದು ಮೇಲ್ವಿಚಾರಣೆಗೆ, ಇನ್ನೊಂದು ಕೋರಿಕೆಗಳಿಗೆ ಉತ್ತರಿಸಲು ಮತ್ತು ಕಡತಗಳ ಮೇಲೆ ಕಣ್ಣಿಡಲು. ಎರಡೂ ಆರಂಭದ ವಿಧಿಯನ್ನು ಹಾದುಹೋಗುತ್ತವೆ. ಇದನ್ನು ದೋಷವೆಂದು ಬಗೆದು ಹೇಗಾದರೂ ಒಂದು ಸಲಕ್ಕೆ ಇಳಿಸಲು ಹೆಣಗುವುದಕ್ಕಿಂತ, ಆರಂಭ ಎಂಬುದು ಪ್ರೊಸೆಸ್ಸಿಗೆ ಅಂಟಿಕೊಂಡ ಘಟನೆ ಎಂಬ ಪಾಠವನ್ನು ಅದರಿಂದ ಕಲಿಯುವುದು ಲೇಸು.

ಬೇರೆ ಚೌಕಟ್ಟುಗಳ ಅನುಭವವೂ ಇದನ್ನೇ ಹೇಳುತ್ತದೆ. ಪೈಥಾನಿನದೇ ಆದ ಫ್ಲಾಸ್ಕ್ ಎಂಬ ಚೌಕಟ್ಟಿನಲ್ಲಿ ಮೊದಲ ಕೋರಿಕೆಗೂ ಮುನ್ನ ನಡೆಯಬೇಕಾದ ಕಾರ್ಯವನ್ನು ನೋಂದಾಯಿಸುವ ಒಂದು ಸೌಲಭ್ಯ ಬಹುಕಾಲದಿಂದ ಇತ್ತು. ಆದರೆ ಪ್ರತಿ ವರ್ಕರ್‌ಗೂ ಅದರದೇ ಮೊದಲ ಕೋರಿಕೆ ಇರುತ್ತದೆಯಾದ್ದರಿಂದ ಆ ಕಾರ್ಯವೂ ಅಷ್ಟೇ ಸಲ, ಅದೂ ಬಳಕೆದಾರ ಕಾಯುತ್ತಿರುವಾಗ ನಡೆಯುತ್ತಿತ್ತು, 2023ರ 2.3 ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ಕೈಬಿಡಲಾಯಿತು. ರೇಲ್ಸ್ ಚೌಕಟ್ಟು ಆರಂಭದ ಕೋಡಿಗೆಂದು ಒಂದು ಪ್ರತ್ಯೇಕ ಫೋಲ್ಡರನ್ನು ಮೀಸಲಿಟ್ಟಿದೆ, ಜಾವಾ ಲೋಕದ ಸರ್ವ್‌ಲೆಟ್ ಮಾನದಂಡ ಆರಂಭ ಮತ್ತು ಮುಕ್ತಾಯ ಎರಡನ್ನೂ ಆಲಿಸುವ ಏರ್ಪಾಡನ್ನು ಕೊಟ್ಟಿದೆ. ಹೆಸರುಗಳು ಬೇರೆಯಾದರೂ ಇವೆಲ್ಲ ಕೊಡುವ ಭರವಸೆ ಪ್ರೊಸೆಸ್ಸಿನ ಗಡಿಯೊಳಗಿನದು ಮಾತ್ರ.

ಆ ಗಡಿಯಾಚೆ ನೆರವಿಗೆ ಬರುವುದು ಕೆಲಸದ ಸ್ವಂತ ಗುಣ. ಎಷ್ಟು ಸಲ ನಡೆಸಿದರೂ ಒಂದು ಸಲ ನಡೆಸಿದಷ್ಟೇ ಫಲ ಕೊಡುವಂತೆ ಬರೆದ ಕೆಲಸಕ್ಕೆ ಪುನರಾವರ್ತನೆಯ ಭಯವಿಲ್ಲ. ಈ ಗುಣವನ್ನು ಐಡೆಂಪೊಟೆನ್ಸ್ ಎನ್ನುತ್ತಾರೆ. ಜ್ಯಾಂಗೊ ತನ್ನ ಒಳಗಿನ ಕೆಲಸಗಳಿಗೂ ಇದೇ ನೀತಿಯನ್ನು ಅನ್ವಯಿಸುತ್ತದೆ. ಬಳಕೆದಾರರ ಅನುಮತಿಗಳನ್ನು ನೋಡಿಕೊಳ್ಳುವ ಅದರ ಅಂಗ ರೆಡಿ ಕಾರ್ಯದಲ್ಲಿ ಡೇಟಾಬೇಸನ್ನು ಮುಟ್ಟುವುದಿಲ್ಲ, ಮೈಗ್ರೇಷನ್ ಮುಗಿದಾಗ ತನಗೆ ಸುದ್ದಿ ಬರಲೆಂದು ಒಂದು ಸಿಗ್ನಲ್ಲನ್ನು ಜೋಡಿಸಿಕೊಳ್ಳುತ್ತದೆ, ಅಷ್ಟೆ. ಅದೂ ಒಂದು ಗುರುತಿನ ಚೀಟಿಯೊಂದಿಗೆ, ಎರಡನೆಯ ಸಲ ಜೋಡಿಸಿದರೂ ಇಮ್ಮಡಿಯಾಗದಂತೆ. ಸುದ್ದಿ ಬಂದಾಗ ಅದು ಇರಬೇಕಾದ ಅನುಮತಿಗಳ ಪೈಕಿ ಇಲ್ಲದವನ್ನು ಮಾತ್ರ ಸೇರಿಸುತ್ತದೆ. ಪ್ರೊಸೆಸ್ಸಿಗೆ ಸೇರಿದ್ದು ಪ್ರೊಸೆಸ್ಸಿನಲ್ಲಿ, ಡೇಟಾಬೇಸಿಗೆ ಸೇರಿದ್ದು ಡೇಟಾಬೇಸಿನ ಸನ್ನಿಧಿಯಲ್ಲಿ, ಎರಡೂ ಮರುಕಳಿಸಿದರೆ ಹಾನಿಯಿಲ್ಲದಂತೆ: ಈ ಪುಟ್ಟ ಅಂಗದ ರಚನೆ ಇಡೀ ವಿಷಯದ ಸಾರವನ್ನು ಒಳಗೊಂಡಿದೆ. ಗ್ರಂಥಾಲಯದ ವಿಭಾಗಗಳಿಗೂ ಇದೇ ರೀತಿ, ಒಂದೇ ಹೆಸರು ಎರಡು ಸಲ ಇರಲಾಗದೆಂಬ ನಿರ್ಬಂಧವನ್ನು ಡೇಟಾಬೇಸಿನಲ್ಲಿಯೇ ವಿಧಿಸಿದರೆ, ಎರಡು ಪ್ರೊಸೆಸ್ಸುಗಳು ಒಟ್ಟಿಗೆ ನುಗ್ಗಿದರೂ ಒಂದಕ್ಕೆ ಮಾತ್ರ ದಾರಿ ಸಿಗುತ್ತದೆ. ಕೋಡಿನ ಎಚ್ಚರ ತಪ್ಪಬಹುದು, ಉಗ್ರಾಣದ ಬಾಗಿಲಲ್ಲಿರುವ ನಿಯಮ ತಪ್ಪುವುದಿಲ್ಲ.

ಇಷ್ಟೊಂದು ಕಾಳಜಿ ಏಕೆ ಬೇಕೆಂದರೆ, ವ್ಯಾಪ್ತಿಯ ತಪ್ಪುಗಳು ತಾಣ ಚಿಕ್ಕದಿರುವಾಗ ಬಹುಮಟ್ಟಿಗೆ ಅಡಗಿಯೇ ಇರುತ್ತವೆ. ಒಂದೇ ವರ್ಕರ್ ಇದ್ದಾಗ ಪ್ರೊಸೆಸ್ಸಿಗೆ ಒಮ್ಮೆ ಎಂಬುದೂ ಇಡೀ ತಾಣಕ್ಕೆ ಒಮ್ಮೆ ಎಂಬುದೂ ಒಂದೇ ಆಗಿ ತೋರುತ್ತದೆ. ಜನ ಹೆಚ್ಚಿ ಎರಡನೆಯ ವರ್ಕರನ್ನೋ ಎರಡನೆಯ ಯಂತ್ರವನ್ನೋ ಸೇರಿಸಿದ ದಿನ, ಅಂದರೆ ತಾಣದ ಮೇಲೆ ಅತಿ ಹೆಚ್ಚು ಜನ ಅವಲಂಬಿಸಿರುವ ದಿನವೇ, ಅವೆರಡೂ ಬೇರ್ಪಟ್ಟು ಇಮ್ಮಡಿ ಓಲೆಗಳೂ ಇಮ್ಮಡಿ ದಾಖಲೆಗಳೂ ಹೊರಬೀಳುತ್ತವೆ. ಆಗ ದೋಷದ ಮೂಲವನ್ನು ಹುಡುಕುವುದು ಕಷ್ಟ, ಏಕೆಂದರೆ ಕೋಡಿನಲ್ಲಿ ಆ ದಿನ ಯಾರೂ ಏನನ್ನೂ ಬದಲಿಸಿರುವುದಿಲ್ಲ. ಆದುದರಿಂದ ಆರಂಭದ ಒಂದು ಸಾಲನ್ನು ಬರೆಯುವ ಮೊದಲು ಅದು ಯಾರ ಪಾಲಿಗೆ ಒಮ್ಮೆ ನಡೆಯಬೇಕು, ಎರಡು ಸಲ ನಡೆದರೆ ಏನಾಗುತ್ತದೆ, ಅರ್ಧಕ್ಕೆ ನಿಂತರೆ ಮುಂದಿನ ಆರಂಭ ಅದನ್ನು ಸರಿಪಡಿಸಬಲ್ಲುದೇ ಎಂಬುದನ್ನು ಬರೆಯುವವರು ಕೇಳಿಕೊಳ್ಳಬೇಕು. ಚೌಕಟ್ಟುಗಳು ಕಾಲದ ಅನುಭವದಿಂದ ಒಂದೊಂದು ಬಗೆಯ ಕೆಲಸಕ್ಕೂ ಒಂದೊಂದು ಜಾಗವನ್ನು ಕಟ್ಟಿಕೊಟ್ಟಿವೆ. ಯಾವ ಕೆಲಸ ಯಾವ ಜಾಗಕ್ಕೆ ಸೇರಬೇಕೆಂಬ ವಿವೇಕವನ್ನು ಮಾತ್ರ ಯಾವ ಚೌಕಟ್ಟೂ ಕೊಡಲಾರದು, ಅದು ಬರೆಯುವವರ ಹೊಣೆ.